ಐದಕ್ಷರದ ಮಾತು, ಮೊದಲೆರಡು ಒಂದೇ

ಕೇಳುಗರಿಗೆ ನಮಸ್ಕಾರ.

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರನ್ನು ಗಮನಿಸಿ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಎಷ್ಟೋ ಜನ ಫೋನಿನೊಳಗೆ ಮುಳುಗಿರುತ್ತಾರೆ. ಅವರಲ್ಲಿ ಕೆಲವರು ಆಡುವುದು ವರ್ಡ್ಲ್ ಎನ್ನುವ ಪದದಾಟ. ಐದಕ್ಷರದ ಒಂದು ಇಂಗ್ಲಿಷ್ ಪದ ಬಚ್ಚಿಟ್ಟಿರುತ್ತದೆ, ಆರು ಸಲದೊಳಗೆ ಊಹಿಸಬೇಕು. ಅಕ್ಷರವೂ ಜಾಗವೂ ಸರಿಯಿದ್ದರೆ ಹಸಿರು, ಅಕ್ಷರ ಇದ್ದು ಜಾಗ ಬೇರೆಯಾದರೆ ಹಳದಿ, ಇಲ್ಲವೇ ಇಲ್ಲ ಎಂದರೆ ಬೂದು. ಜೋಶ್ ವಾರ್ಡ್ಲ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಸಂಗಾತಿಯ ಜೊತೆ ಆಡಲೆಂದು ಮಾಡಿದ್ದು. 2021ರ ಅಕ್ಟೋಬರಿನಲ್ಲಿ ಅದು ಎಲ್ಲರಿಗೂ ಸಿಕ್ಕಿತು, 2022ರ ಆರಂಭದಲ್ಲೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು.

ಈ ಆಟದಲ್ಲಿ ಒಂದು ಬೋನಿದೆ. ಮೊದಲ ಮೂರಕ್ಷರ ಎಸ್, ಎಚ್, ಎ, ಕೊನೆಯದು ಇ. ನಾಲ್ಕೂ ಹಸಿರಾಗಿ ನಗುತ್ತಿರುತ್ತವೆ, ಗೆದ್ದೇಬಿಟ್ಟೆ ಅನ್ನಿಸುತ್ತದೆ. ಖಾಲಿ ಇರುವುದು ಒಂದೇ ಮನೆ. ಅಲ್ಲಿ ಕೂರಬಲ್ಲ ಪದಗಳನ್ನು ಎಣಿಸಿ: ಶೇರ್, ಶೇಪ್, ಶೇವ್, ಶೇಕ್, ಶೇಮ್, ಶೇಡ್, ಶೇಲ್. ಏಳಾದವು! ಇಡೀ ಆಟಕ್ಕೆ ಇರುವುದೇ ಆರು ಸಲ. ಪಳಗಿದವರು ಇಲ್ಲಿ ಒಂದೊಂದನ್ನೇ ಹಾಕಿ ನೋಡುವುದಿಲ್ಲ. ಸಂಬಂಧವೇ ಇಲ್ಲದ ಡ್ರೀಮ್ ಎಂಬ ಪದ ಒಗೆಯುತ್ತಾರೆ. ಅದರಲ್ಲಿ ಡಿ, ಆರ್, ಎಂ ಮೂರೂ ಇವೆಯಲ್ಲ, ಒಂದೇ ಏಟಿಗೆ ಮೂರು ಪದಗಳ ಪರೀಕ್ಷೆ ಮುಗಿಯುತ್ತದೆ. ಮೂರರಲ್ಲಿ ಯಾವುದು ಹಳದಿಯಾಯಿತೋ ಅದೇ ಉತ್ತರ. ಯಾವುದೂ ಆಗಲಿಲ್ಲವೋ, ಉಳಿದದ್ದು ನಾಲ್ಕೇ.

ಆಟ ಅಲ್ಲಿಗಿರಲಿ. ಇಂಗ್ಲಿಷ್ ಪಾಠ ಹೇಳಿದವನಾಗಿ ನನಗೆ ಇದಕ್ಕಿಂತ ರುಚಿಸುವುದು ಬೇರೆಯೇ ಇದೆ. ಉದ್ದ ಒಂದೇ, ಮೊದಲೆರಡು ಅಕ್ಷರವೂ ಒಂದೇ, ಅಂಥ ಪದಗಳನ್ನು ಸಾಲಾಗಿ ಬರೆದಿಟ್ಟು ನೋಡಿ, ಆ ಭಾಷೆಯ ಹಳೆಯ ಕತೆ ತಾನಾಗಿ ಹೊರಬೀಳುತ್ತದೆ.

ಕೆ ಮತ್ತು ಎನ್‌ನಿಂದ ಶುರುವಾಗುವ ಐದಕ್ಷರದವು: ನೈಫ್, ನಾಕ್, ನೀಲ್, ನೋನ್. ಎಲ್ಲದರಲ್ಲೂ ಕೆ ಬಾಯಿ ಮುಚ್ಚಿಕೊಂಡು ಕೂತಿದೆ. ಮಕ್ಕಳು ಕೇಳುತ್ತಾರೆ, ‘ಹೇಳದೆ ಇರೋ ಅಕ್ಷರ ಯಾಕೆ ಬರೀಬೇಕು ಸಾರ್?’ ನ್ಯಾಯವಾದ ಪ್ರಶ್ನೆ. ಅದು ಮೊದಲಿಂದ ಮೂಕ ಅಲ್ಲ. ಹಳೆಯ ಇಂಗ್ಲಿಷರು ಆ ಕೆಯನ್ನು ಬಾಯಿಬಿಟ್ಟು ಉಚ್ಚರಿಸುತ್ತಿದ್ದರು. ಜರ್ಮನ್ನರು ಇವತ್ತಿಗೂ ಮಂಡಿಗೆ ‘ಕ್ನೀ’ ಅಂತಲೇ ಅನ್ನುತ್ತಾರೆ. 1476ರಲ್ಲಿ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚಿನ ಯಂತ್ರ ಹೂಡಿದ. ಅಲ್ಲಿಂದಾಚೆಗೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಬಂತು, ನಾಲಿಗೆ ಮಾತ್ರ ನಿಲ್ಲಲಿಲ್ಲ. ಹದಿನೇಳನೆಯ ಶತಮಾನದ ಹೊತ್ತಿಗೆ ಕೆ ಮಾತಿನಿಂದ ಜಾರಿತು, ಬರಹದಲ್ಲಿ ಉಳಿಯಿತು.

ಕ್ಯೂ ಮತ್ತು ಯು ಜೋಡಿಯದು ಇನ್ನೊಂದು ಕತೆ. ಕ್ವೀನ್, ಕ್ವಿಕ್ ಎರಡೂ ಅಪ್ಪಟ ಇಂಗ್ಲಿಷ್ ಪದಗಳು. ಮೊದಲು ಸಿ ಮತ್ತು ಡಬ್ಲ್ಯು ಧ್ವನಿಯ ಅಕ್ಷರ ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು, ಫ್ರೆಂಚ್ ಅಭ್ಯಾಸದ ಲಿಪಿಕಾರರು ಬಂದರು, ರಾಣಿಯ ಕಾಗುಣಿತವೇ ಬದಲಾಗಿ ಹೋಯಿತು. ಇದೇ ಗುಂಪಿನ ಕ್ವೈಟ್ ಮತ್ತು ಕ್ವಾಯೆಟ್ ನಮ್ಮ ಮಕ್ಕಳ ಪ್ರಾಣ ತಿನ್ನುವ ಜೋಡಿ. ಅದೇ ಐದಕ್ಷರ, ಕೊನೆಯಲ್ಲಿ ಇ ಮತ್ತು ಟಿ ಜಾಗ ಬದಲಿಸಿಕೊಂಡಿವೆ, ಅಷ್ಟೇ.

ಟಿ ಮತ್ತು ಎಚ್ ಕೂಡಿದವುಗಳಲ್ಲಿ ಒಂದು ಅಚ್ಚುಕಟ್ಟಾದ ಸೂತ್ರವೇ ಇದೆ, ವ್ಯಾಕರಣ ಪುಸ್ತಕಗಳು ಯಾಕೋ ಒತ್ತಿ ಹೇಳುವುದಿಲ್ಲ. ಥಿಂಕ್, ಥಿಂಗ್, ಥಂಬ್, ಥೀಫ್, ಥಿಕ್ ಒಂದು ಕಡೆ. ದೇರ್, ದೀಸ್, ದೋಸ್ ಇನ್ನೊಂದು ಕಡೆ. ಬರಹ ಒಂದೇ ಆದರೂ ವಸ್ತು, ಕ್ರಿಯೆ, ಗುಣ, ಸಂಖ್ಯೆ ಹೇಳುವ ಪದಕ್ಕೆ ಥ, ಬೆರಳು ತೋರಿಸಿ ‘ಅದು, ಅಲ್ಲಿ, ಅವು’ ಅನ್ನುವ ಪದಕ್ಕೆ ದ. ಇನ್ನೂ ಒಂದು ಸೊಗಸಿದೆ. ನಮ್ಮಲ್ಲಿ ಇಲ್ಲಿ, ಅಲ್ಲಿ, ಎಲ್ಲಿ ಎಂದು ಮೊದಲಕ್ಷರ ಮಾತ್ರ ಬದಲಿಸುತ್ತೇವಲ್ಲ, ಇಂಗ್ಲಿಷಿನ ಹಿಯರ್, ದೇರ್, ವೇರ್ ಕೂಡ ಹಾಗೇ. ದೆನ್ ಪ್ರಶ್ನೆಯಾದರೆ ವೆನ್, ದಟ್ ಪ್ರಶ್ನೆಯಾದರೆ ವಾಟ್. ಎರಡು ಭಾಷೆಗಳಿಗೆ ರಕ್ತಸಂಬಂಧವಿಲ್ಲ, ಆದರೂ ಇಬ್ಬರೂ ಪ್ರಶ್ನೆಯನ್ನು ಪದದ ಬಾಗಿಲಲ್ಲೇ ನಿಲ್ಲಿಸಿದ್ದಾರೆ.

ಜಿ ಮತ್ತು ಎಲ್ ನೋಡಿ. ಗ್ಲೀಮ್, ಗ್ಲಿಂಟ್, ಗ್ಲೇರ್, ಗ್ಲಾಸ್, ಗ್ಲೇಜ್. ಎಲ್ಲವೂ ಹೊಳೆಯುವಂಥವು. ನಡುವೆ ಗ್ಲೋಬ್, ಗ್ಲವ್ ನುಗ್ಗಿ ನಿಯಮ ಕೆಡಿಸುತ್ತವೆ. ನಮ್ಮಲ್ಲಿ ಈ ಕೆಲಸ ‘ಮಿ’ ಮಾಡುತ್ತದೆ. ಮಿನುಗು, ಮಿಣುಕು, ಮಿರುಗು: ಮೂರಕ್ಷರ, ಶುರು ಒಂದೇ, ಕೊನೆಯ ಸ್ವರವೂ ಒಂದೇ, ಹೊಳಪೂ ಒಂದೇ. ನಮ್ಮ ನಿಯಮ ಕೆಡಿಸುವುದಕ್ಕೆ ಮಿಡತೆ ಇದೆ.

ಮಕ್ಕಳಿಗೆ ದಿನಕ್ಕಿಷ್ಟು ಪದ ಎಂದು ಎ ಇಂದ ಜೆಡ್‌ವರೆಗೆ ಉರು ಹೊಡೆಸುವುದಕ್ಕಿಂತ ಹೀಗೆ ಗುಂಪು ಕಟ್ಟಿ ಕೊಡುವುದೇ ಮೇಲು ಅನ್ನುವುದು ನನ್ನ ಪಕ್ಷ. ಒಂದು ಗುಂಪಿನ ಒಂದು ಪದದ ಗುಟ್ಟು ತಿಳಿದರೆ ಉಳಿದವುಗಳ ಕಾಗುಣಿತ ತಪ್ಪುವುದು ಕಷ್ಟ.

ಆದರೆ ಈ ‘ಐದಕ್ಷರ’ ಎನ್ನುವ ಲೆಕ್ಕ ಇದೆಯಲ್ಲ, ಅದು ಬರೀ ಕಣ್ಣಿನ ಲೆಕ್ಕ. ಸ್ಟ್ರೆಂತ್ ಬರೆಯಲು ಎಂಟಕ್ಷರ ಬೇಕು, ನುಡಿಯುವಾಗ ಸ್ವರ ಒಂದೇ. ಐಡಿಯಾ ಬರೆಯಲು ನಾಲ್ಕೇ ಸಾಕು, ನುಡಿಯುವಾಗ ಮೂರು ತುಂಡು. ಕನ್ನಡದ ಹಳೆಯ ಕವಿಗಳು ಉದ್ದ ಅಳೆದದ್ದು ಕಿವಿಯಿಂದ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮಿನುಗು ಎಂದರೆ ಮೂರು ಮಾತ್ರೆ, ಐಡಿಯಾ ಎಂದರೆ ಐದು. ಪದದ ಶುರುವಿಗೂ ಅವರದೇ ಕಟ್ಟಳೆ ಇತ್ತು. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಇದೇ ಆದಿಪ್ರಾಸ. ಮೊದಲ ಸಾಲು ‘ಮಿನುಗು’ ಎಂದು ಎದ್ದರೆ ಮುಂದಿನವು ‘ಕನಸು’, ‘ಮನೆ’, ‘ಹನಿ’ ಎಂದೇ ಏಳಬೇಕು. ಮೊದಲಕ್ಷರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಇನ್ನೂ ನಾಲ್ಕು ಬಗೆಯುಂಟು. ವರ್ಡ್ಲ್‌ನಲ್ಲಿ ಸೋತರೆ ನಾಳೆ ಇನ್ನೊಂದು ಪದ ಬರುತ್ತದೆ. ಇಲ್ಲಿ ಪ್ರಾಸ ತಪ್ಪಿದ ಕವಿಯನ್ನು ಪಂಡಿತರು ಸುಮ್ಮನೆ ಬಿಡುತ್ತಿರಲಿಲ್ಲ.

ಈ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಗಳು ಮುಂಚೆಯೇ ಬಿಚ್ಚಿದ್ದರು. ಆಮೇಲೆ ಅದನ್ನು ಸಡಿಲಿಸಿ ಹೊಸಗನ್ನಡದ ಕಿವಿಯನ್ನು ಬೇರೆ ಲಯಕ್ಕೆ ಪಳಗಿಸಿದವರು ಬಿ.ಎಂ. ಶ್ರೀಕಂಠಯ್ಯನವರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದ, 1926ರ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಪ್ರಾಸ ಸಾಲಿನ ತಲೆಯಿಂದ ಬಾಲಕ್ಕೆ ಸರಿದಿದೆ. ಅವರು ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲೇ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ.

ನಮಸ್ಕಾರ.