ಔ ಸಾಬಲ್ ನದಿಯ ಟ್ರೌಟ್ ಮತ್ತು ನಮ್ಮ ಪಾಲಿನ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರಕ್ಕೆ, ಡೆಟ್ರಾಯಿಟ್‌ನಿಂದ ಕಾರಿನಲ್ಲಿ ಮೂರು ಗಂಟೆ ಹೋದರೆ, ಗ್ರೇಲಿಂಗ್ ಎಂಬ ಸಣ್ಣ ಊರು ಸಿಗುತ್ತದೆ. ಊರಿಗೆ ಈ ಹೆಸರು ಬಂದದ್ದು ಒಂದು ಮೀನಿನಿಂದ. ಬೆನ್ನ ಮೇಲೆ ಎತ್ತರದ ರೆಕ್ಕೆ, ರೆಕ್ಕೆಯ ತುಂಬ ಬಣ್ಣದ ಚುಕ್ಕೆ ಇರುವ ಗ್ರೇಲಿಂಗ್ ಮೀನು ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಯ ಹೊಳೆಯಲ್ಲಿ ತುಂಬಿಕೊಂಡಿತ್ತು. ಇವತ್ತು ಊರಿದೆ, ಹೊಳೆಯಿದೆ. ಮೀನು 1930ರ ದಶಕದ ಹೊತ್ತಿಗೆ ಇಡೀ ಮಿಷಿಗನ್‌ನಿಂದಲೇ ಅಳಿದುಹೋಯಿತು.

ಆ ಹೊಳೆಯ ಹೆಸರು ಔ ಸಾಬಲ್. ಅಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲು ಕಲಿಯುತ್ತಿರುವ ಹೊಸಬಳು ನಾನು. ಈ ಹೊಳೆ ನನಗೆ ಕೊಟ್ಟ ಸಂತೋಷದ ಬಗ್ಗೆಯೂ, ಅದರ ಜೊತೆಗೇ ಹೆಗಲಿಗೆ ಬಂದ ಕೆಲಸಗಳ ಬಗ್ಗೆಯೂ ಇವತ್ತು ಮಾತಾಡುತ್ತೇನೆ.

ನಾನು ಮಲೆನಾಡಿನವಳು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕುತ್ತ ಬೆಳೆದವಳು. ದೇವರ ಮೀನೆಂದು ಅಲ್ಲಿ ಅವನ್ನು ಯಾರೂ ಮುಟ್ಟುವುದಿಲ್ಲ. ಅಂಥವಳ ಕೈಗೆ ಗಾಳ ಬಂದದ್ದು ಪಕ್ಕದ ಮನೆಯ ಹಿರಿಯರೊಬ್ಬರಿಂದ. ವಾರಾಂತ್ಯಕ್ಕೆ ಹೊಳೆಗೆ ಹೊರಟಿದ್ದ ಅವರು, ಬರುತ್ತೀಯಾ ಎಂದು ಕೇಳಿದರು. ಹೋದೆ. ಅಂದಿನಿಂದ ಮನಸ್ಸು ಅಲ್ಲೇ ನಿಂತಿದೆ.

ಟ್ರೌಟ್ ಹಿಡಿಯುವ ಕ್ರಮವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಇದರ ಸೊಗಸೆಲ್ಲ ಕ್ರಮದಲ್ಲೇ ಇದೆ. ಇಲ್ಲಿ ಎರೆಹುಳು ಚುಚ್ಚಿ ದಡದಲ್ಲಿ ಕೂರುವುದಿಲ್ಲ. ಸಣ್ಣ ಕೊಕ್ಕೆಗೆ ಹಕ್ಕಿಯ ಗರಿ, ತುಪ್ಪಳ, ನೂಲು ಸುತ್ತಿ ಹುಳದ ಹಾಗೆ ಕಾಣುವ ಫ್ಲೈ ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ, ತೂಕ ಇರುವುದು ದಾರಕ್ಕೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಆ ದಾರವನ್ನು ಹಿಂದೆ ಮುಂದೆ ಗಾಳಿಯಲ್ಲಿ ತೇಲಿಸಿ, ಮೀನು ಬಾಯಿ ತೆರೆಯುವ ಜಾಗಕ್ಕಿಂತ ತುಸು ಮೇಲೆ ಇಳಿಸಬೇಕು. ಆಮೇಲೆ ಫ್ಲೈ ಸೆಳವಿನ ಜೊತೆ ತಾನೇ ತೇಲಿಬಂದಂತೆ ಬರಬೇಕು. ದಾರ ಒಂದು ಚೂರು ಎಳೆದರೂ ಟ್ರೌಟ್‌ಗೆ ತಿಳಿದುಬಿಡುತ್ತದೆ.

ಹಾಗಾಗಿ ಮೊದಲು ಕಲಿಯಬೇಕಾದ್ದು ನೋಡುವುದನ್ನು. ಯಾವ ಹುಳ ಇವತ್ತು ನೀರಿನಿಂದ ಏಳುತ್ತಿದೆ, ಸೆಳವು ಎಲ್ಲಿ ಸೀಳಿ ಎಲ್ಲಿ ಕೂಡುತ್ತದೆ, ಬಿದ್ದ ದೇವದಾರು ಮರದ ನೆರಳಲ್ಲಿ ನೀರು ಏಕೆ ಅಷ್ಟು ನಿಧಾನ. ಮೇಫ್ಲೈ ಎಂಬ ಹುಳವಿದೆ. ಅದರ ಆಯುಷ್ಯದ ಬಹುಭಾಗ ಹೊಳೆಯ ತಳದಲ್ಲೇ ಕಳೆಯುತ್ತದೆ. ರೆಕ್ಕೆ ಬಂದು ಮೇಲೆದ್ದ ಮೇಲೆ ಬದುಕುವುದು ಒಂದೆರಡು ದಿನ. ಇದರ ಜಾತಿಯಲ್ಲೇ ದೊಡ್ಡದಾದ ಹೆಕ್ಸಜೀನಿಯಾ, ಇಲ್ಲಿಯವರ ಬಾಯಲ್ಲಿ ಹೆಕ್ಸ್, ಜೂನ್ ಕೊನೆಯ ರಾತ್ರಿಗಳಲ್ಲಿ ಔ ಸಾಬಲ್ ತುಂಬ ಏಳುತ್ತದೆ. ಹಗಲೆಲ್ಲ ಅಡಗಿರುವ ದೊಡ್ಡ ಬ್ರೌನ್ ಟ್ರೌಟ್‌ಗಳು ಆಗ ಹೊರಬರುತ್ತವೆ. ಕತ್ತಲಲ್ಲಿ ಏನೂ ಕಾಣದು. ಮೀನು ನೀರಿನ ಮೇಲೆ ಹುಳ ನುಂಗುವ ಸದ್ದು ಕೇಳಿ, ಆ ಸದ್ದಿನ ಕಡೆಗೆ ದಾರ ಬೀಸಬೇಕು. ಕಣ್ಣಿಗೆ ಕೆಲಸವಿಲ್ಲದೆ, ಕಿವಿಯೊಂದನ್ನೇ ನಂಬಿ, ಇಷ್ಟು ಹೊತ್ತು ನಾನು ಬೇರೆಲ್ಲೂ ನಿಂತದ್ದಿಲ್ಲ. ನನ್ನ ಬದುಕಿನ ಅತ್ಯಂತ ಸುಖದ ಗಂಟೆಗಳಲ್ಲಿ ಅವೂ ಸೇರಿವೆ.

ಈ ಹೊಳೆ ಇಷ್ಟು ತಣ್ಣಗಿರಲು ಕಾರಣ ನೆಲದಡಿಯಲ್ಲಿದೆ. ಹಿಮಯುಗದ ಮಂಜುಗಡ್ಡೆ ಕರಗಿ ಹಿಂದೆ ಸರಿದಾಗ ಇಲ್ಲಿ ಆಳವಾದ ಮರಳಿನ ಹಾಸು ಉಳಿಯಿತು. ಮಳೆ, ಹಿಮ ಏನೇ ಬಿದ್ದರೂ ಮರಳು ಹೀರಿಕೊಂಡು, ಸೋಸಿ, ಒರತೆಯಾಗಿ ವರ್ಷವಿಡೀ ಹೊಳೆಗೆ ಬಿಡುತ್ತದೆ. ಬೇಸಿಗೆಯಲ್ಲಿ ನೀರು ಕಾಯುವುದು ಕಡಿಮೆ, ಚಳಿಗಾಲದಲ್ಲಿ ಹೆಪ್ಪುಗಟ್ಟುವುದೂ ಕಡಿಮೆ. ಟ್ರೌಟ್‌ಗೆ ಬೇಕಾದ್ದೇ ಇದು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಉಸಿರಿನ ಕಷ್ಟ ಶುರು. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ.

ಇಂಥ ಹೊಳೆಯಲ್ಲಿ ಗ್ರೇಲಿಂಗ್ ಹೇಗೆ ಅಳಿಯಿತು? ಅದನ್ನು ಅಳಿಸಬೇಕೆಂದು ಯಾರೂ ಹೊರಟಿರಲಿಲ್ಲ. 1870ರಿಂದ ಆಚೆಗೆ ಇಲ್ಲಿಯ ಬಿಳಿ ಪೈನ್ ಕಾಡನ್ನು ಕಡಿದರು. ವಸಂತದ ನೆರೆಯಲ್ಲಿ ದಿಮ್ಮಿಗಳನ್ನು ಹೊಳೆಗೆ ಉರುಳಿಸಿ ಕೆಳಗಿನ ಗರಗಸದ ಕಾರ್ಖಾನೆಗಳಿಗೆ ತೇಲಿಬಿಟ್ಟರು. ಗ್ರೇಲಿಂಗ್ ಮೊಟ್ಟೆ ಇಡುವುದೂ ವಸಂತದಲ್ಲೇ, ಹೊಳೆಯ ಸಣ್ಣಕಲ್ಲುಗಳ ನಡುವೆ. ದಿಮ್ಮಿಗಳು ಆ ಕಲ್ಲುಗಳನ್ನೇ ಕಿತ್ತು ಕೊಚ್ಚಿದವು. ಮರ ಹೋದ ದಡಗಳಿಂದ ಮರಳು ಕುಸಿಯಿತು, ನೆರಳಿಲ್ಲದೆ ನೀರು ಕಾದಿತು. ರೈಲು ಬಂದ ಮೇಲೆ ಮೀನು ಹಿಡಿಯುವವರು ತಂಡತಂಡವಾಗಿ ಬಂದರು. ಹಿಡಿದ ಗ್ರೇಲಿಂಗ್ ಶಿಕಾಗೋದ ಹೋಟೆಲುಗಳಿಗೆ ಹೋಯಿತು. ಇದರ ಮೇಲೆ, ಹೊರಗಿನಿಂದ ತಂದು ಬಿಟ್ಟ ಟ್ರೌಟ್‌ಗಳು ಉಳಿದ ಆಹಾರಕ್ಕೂ ಜಾಗಕ್ಕೂ ಪೈಪೋಟಿಗಿಳಿದವು.

ನನ್ನನ್ನು ಬಿಡದೆ ಕಾಡುವುದು ಈ ಕೊನೆಯ ಸಂಗತಿ. ಔ ಸಾಬಲ್‌ನಲ್ಲಿ ನಾನು ಇಷ್ಟಪಟ್ಟು ಹಿಡಿಯುವ ಯಾವ ಟ್ರೌಟೂ ಆ ಹೊಳೆಯ ಮೂಲದ್ದಲ್ಲ. ರೇನ್‌ಬೋ ಟ್ರೌಟ್ ಕ್ಯಾಲಿಫೋರ್ನಿಯಾದಿಂದ ಬಂತು. ಬ್ರೌನ್ ಟ್ರೌಟ್‌ನ ಮೊಟ್ಟೆ ಜರ್ಮನಿಯಿಂದ ಬಂದು, 1884ರ ಏಪ್ರಿಲ್‌ನಲ್ಲಿ ಮಿಷಿಗನ್‌ನದೇ ಬಾಲ್ಡ್‌ವಿನ್ ಹೊಳೆಯಲ್ಲಿ ಮೊದಲು ಅದರ ಮರಿ ಬಿಟ್ಟರು. ಈಗ ರಾಜ್ಯದ ಮೀನೆಂದು ಹೆಸರಾದ ಬ್ರೂಕ್ ಟ್ರೌಟ್ ಕೂಡ ಔ ಸಾಬಲ್‌ಗೆ ಜನರೇ ತಂದು ಬಿಟ್ಟದ್ದು. ಬಿಟ್ಟವರು ಒಳ್ಳೆಯದಾಗಲಿ ಎಂದೇ ಬಿಟ್ಟರು. ಮರ ಕಡಿದವರೂ ಮನೆ ಕಟ್ಟುವವರಿಗೆ ಹಲಗೆ ಬೇಕೆಂದೇ ಕಡಿದರು. ಪ್ರತಿಯೊಬ್ಬರೂ ಅವತ್ತಿನ ಕೂಲಿ, ಅವತ್ತಿನ ಊಟ ನೋಡಿಕೊಂಡರು. ಹೊಳೆಯ ಲೆಕ್ಕ ಇಡುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ಈಗ ಆ ಲೆಕ್ಕವನ್ನು ಕೆಲವರು ಕೈಗೆತ್ತಿಕೊಂಡಿದ್ದಾರೆ. ಮಿಷಿಗನ್ ರಾಜ್ಯ ಮತ್ತು ಇಲ್ಲಿಯ ಮೂಲನಿವಾಸಿ ಸಮುದಾಯಗಳು ಕೂಡಿ 2016ರಿಂದ ಗ್ರೇಲಿಂಗ್ ಮರಳಿ ತರುವ ಕೆಲಸ ಮಾಡುತ್ತಿವೆ. ಮೀನಿನ ಮೂಲ ಸಂತತಿ ಅಲಾಸ್ಕಾದ್ದು. 2025ರ ಮೇ ತಿಂಗಳಲ್ಲಿ, ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಗ್ರೇಲಿಂಗ್‌ಗಳ ಮೊಟ್ಟೆಗಳನ್ನು ಒಡಾವಾ ಮತ್ತು ಚಿಪ್ಪೆವಾ ಸಮುದಾಯಗಳಿಗೆ ಒಪ್ಪಿಸಿದರು. ಅವರು ಅವನ್ನು ಮ್ಯಾನಿಸ್ಟೀ, ಮೇಪಲ್, ಬೋರ್ಡ್‌ಮನ್ ನದಿಗಳ ನೀರಿನಲ್ಲೇ ಮರಿಮಾಡಿಸಿದರು. ಮರಿಗಳು ಬೆಳೆದು, ತಾವೇ ಮೊಟ್ಟೆ ಇಡುವ ತನಕ ಇನ್ನೂ ಕೆಲವು ವರ್ಷ ಕಾಯಬೇಕು.

ಹೊಳೆಗಾಗಿ ದೊಡ್ಡ ಕೆಲಸ ಮಾಡಿದವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಕಾರು ಉದ್ಯಮದ ಜಾರ್ಜ್ ಮೇಸನ್ 1954ರಲ್ಲಿ ತೀರಿಕೊಂಡಾಗ ದಕ್ಷಿಣ ಕವಲಿನ ದಡದ ತಮ್ಮ 1,500 ಎಕರೆಯನ್ನು ರಾಜ್ಯಕ್ಕೆ ಬಿಟ್ಟುಹೋದರು. 1959ರ ಜುಲೈಯಲ್ಲಿ ಔ ಸಾಬಲ್ ದಡದ ಒಂದು ಮನೆಯಲ್ಲಿ 16 ಜನ ಸೇರಿ ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಸ್ಥೆ ಕಟ್ಟಿದರು. ಸಾಕಿದ ಮೀನನ್ನು ತಂದು ಸುರಿಯುವ ಬದಲು ಹೊಳೆಯನ್ನು ಸರಿಯಾಗಿ ಇಡಿ, ಮೀನು ತಾನೇ ಹುಟ್ಟುತ್ತದೆ ಎಂಬುದು ಅವರ ವಾದ. ಇವರನ್ನೆಲ್ಲ ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ 1,500 ಎಕರೆ ನನ್ನ ಹತ್ತಿರವಿಲ್ಲ. ನನ್ನ ಹತ್ತಿರ ಇರುವುದು ಒಂದು ಜೊತೆ ಬೂಟು, ಒಂದು ಇಕ್ಕಳ, ಒಂದು ಥರ್ಮಾಮೀಟರ್. ಅವುಗಳಿಂದಲೇ ಶುರುಮಾಡಬೇಕು.

ಬೂಟಿನ ವಿಷಯ ಕೇಳಿ. ನ್ಯೂಜಿಲೆಂಡ್ ಮಡ್ ಸ್ನೇಲ್ ಎಂಬ ಬಸವನಹುಳು ಇದೆ, ಅಕ್ಕಿಕಾಳಿಗಿಂತಲೂ ಚಿಕ್ಕದು. 2015ರಲ್ಲಿ ಮಿಷಿಗನ್‌ನ ಪೇರ್ ಮಾರ್ಕೆಟ್ ಹೊಳೆಯಲ್ಲಿ ಕಂಡಿತು, ಮರುವರ್ಷ ಔ ಸಾಬಲ್‌ನಲ್ಲೂ ಕಂಡಿತು. ಬೂಟಿನ ಕೆಸರಿನಲ್ಲಿ ಅಂಟಿಕೊಂಡು ಒಂದು ಹೊಳೆಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತದೆ. ಗಂಡಿನ ನೆರವಿಲ್ಲದೆ ಒಂದೇ ಹೆಣ್ಣು ಸಂತಾನ ಬೆಳೆಸಬಲ್ಲದು. ತಳದ ಪಾಚಿಯನ್ನು ತಿಂದು, ಮೀನಿಗೆ ಆಹಾರವಾದ ಹುಳಗಳಿಗೆ ಏನೂ ಉಳಿಸುವುದಿಲ್ಲ. ಟ್ರೌಟ್ ಇದನ್ನೇ ನುಂಗಿದರೂ ಬಹುಪಾಲು ಜೀರ್ಣವಾಗದು. ಒಮ್ಮೆ ಬಂದ ಮೇಲೆ ತೆಗೆಯುವ ಉಪಾಯ ಇಲ್ಲ. ಇರುವ ಉಪಾಯ ಒಂದೇ. ಹೊಳೆಯಿಂದ ಮೇಲೆ ಬಂದ ಕೂಡಲೇ ಬೂಟಿನ ಕೆಸರನ್ನು ಬ್ರಷ್ಷಿನಿಂದ ಉಜ್ಜಿ, ಬಿಸಿನೀರಿನಲ್ಲಿ ತೊಳೆದು, ಪೂರಾ ಒಣಗಿಸಬೇಕು. ಕತ್ತಲಾಗಿದೆ, ಮೈ ನಡುಗುತ್ತಿದೆ, ಮೂರು ಗಂಟೆ ಕಾರು ಓಡಿಸಬೇಕು, ಸುತ್ತ ಯಾರೂ ಇಲ್ಲ. ಆಗಲೂ ಉಜ್ಜಬೇಕು. ಜವಾಬ್ದಾರಿ ಎಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ಈ ಬ್ರಷ್ಷನ್ನೇ ತೋರಿಸುತ್ತೇನೆ.

ಇಕ್ಕಳದ ಕೆಲಸ ಕೊಕ್ಕೆಯ ತುದಿಯ ಹಿಂಮುಳ್ಳನ್ನು ಒತ್ತಿ ಚಪ್ಪಟೆ ಮಾಡುವುದು, ಮೀನಿನ ಬಾಯಿಂದ ಕೊಕ್ಕೆ ಸಲೀಸಾಗಿ ಬಿಟ್ಟುಬರಲಿ ಎಂದು. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಒಣಗೈ ತಗಲಿದರೆ ಅದರ ಮೈಮೇಲಿನ ಲೋಳೆ ಸುಲಿದು ರೋಗ ಹತ್ತುತ್ತದೆ. ಫೋಟೋ ಬೇಕೇಬೇಕೆಂದರೆ ಮೀನು ನೀರಿನಲ್ಲೇ ಇರಲಿ. ಥರ್ಮಾಮೀಟರ್ 20 ಡಿಗ್ರಿ ತೋರಿಸಿದರೆ ಅವತ್ತು ಗಾಳ ಸುತ್ತಿಡಬೇಕು. ಬಿಸಿನೀರಿನಲ್ಲಿ ಸೆಣಸಿ ದಣಿದ ಟ್ರೌಟ್ ಕೈಬಿಟ್ಟ ಕೂಡಲೇ ಈಜಿಹೋದಂತೆ ಕಂಡರೂ ಆಮೇಲೆ ಎಲ್ಲೋ ಸಾಯಬಹುದು. ಮೂರು ಗಂಟೆ ಕಾರು ಓಡಿಸಿ ಬಂದವಳಿಗೆ ಇದು ಸುಲಭವಲ್ಲ. ಆದರೂ ಸುತ್ತಿಡುತ್ತೇನೆ.

ಇಷ್ಟೆಲ್ಲ ಹೇಳಿದರೂ ಊರಿನಲ್ಲಿರುವ ಅಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆ ಹಾಗೇ ಇದೆ. "ತಿನ್ನದಿಲ್ಲ ಅಂದ್ಮೇಲೆ ಹಿಡಿಯದು ಎಂತಕ್ಕೆ ಮಾರಾಯ್ತಿ? ಅದಕ್ಕೆ ನೋವಾಗದಿಲ್ವಾ?"

ಅಮ್ಮನ ಮಾತನ್ನು ತಳ್ಳಿಹಾಕಲಾರೆ. ಮೀನಿಗೆ ತೊಂದರೆ ಆಗುತ್ತದೆ. ಎಷ್ಟೇ ಜೋಪಾನ ಮಾಡಿ ಬಿಟ್ಟರೂ ಕೆಲವು ಸಾಯುತ್ತವೆ. ಇದನ್ನು ಮುಚ್ಚಿಟ್ಟು ಈ ಹವ್ಯಾಸವನ್ನು ಹೊಗಳಿದರೆ ಅದು ಸುಳ್ಳಾಗುತ್ತದೆ. ನಾನು ಅಮ್ಮನಿಗೆ ಹೇಳಿದ್ದು ಇಷ್ಟು: ಈ ದೇಶದಲ್ಲಿ 1950ರ ಒಂದು ಕಾನೂನಿದೆ. ಅದನ್ನು ತಂದವರಲ್ಲಿ ಒಬ್ಬರು ಮಿಷಿಗನ್‌ನವರೇ ಆದ ಜಾನ್ ಡಿಂಗೆಲ್. ಅದರಿಂದಾಗಿ ಗಾಳ, ರೀಲು ಮುಂತಾದ ಸಾಮಾನುಗಳ ಮೇಲಿನ ತೆರಿಗೆ ಮೀನಿನ ರಕ್ಷಣೆಗೇ ಹೋಗುತ್ತದೆ. ಲೈಸೆನ್ಸಿನ ಹಣವೂ ಅಷ್ಟೇ. ಹಿಡಿಯುವವರೇ ಕಾಯುವ ಖರ್ಚನ್ನೂ ಹೊರುತ್ತಾರೆ. ಇದು ಅಮ್ಮನ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ, ನನಗೂ ಗೊತ್ತು. ಆದರೆ ಆ ಪ್ರಶ್ನೆ ಜೊತೆಗಿರುವುದರಿಂದಲೇ ನನ್ನ ಕೈ ಹದವಾಗಿರುತ್ತದೆ. ಒಂದೆರಡು ಮೀನು ಸಿಕ್ಕರೆ ಸಾಕೆನಿಸಿ ದಡಕ್ಕೆ ಬಂದು ಕೂತು, ಹೊಳೆ ನೋಡುತ್ತೇನೆ. ಮೀನು ಹಿಡಿಯಲು ಯಾರಿಗೂ ಮನಸ್ಸಿಲ್ಲದಿದ್ದರೆ ಅದನ್ನೂ ಗೌರವಿಸುತ್ತೇನೆ. ತುಂಗೆಯ ದಡದ ರೂಢಿ ನನಗೆ ಈಗಲೂ ಪ್ರಿಯವೇ.

ಕೊನೆಯದಾಗಿ, ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಎರಡು ಮಾತು. ಹೊಳೆಗೆ ಹೋಗದವರ ಮನೆಗೂ ಹೊಳೆ ತಾಗಿಕೊಂಡೇ ಇದೆ. ನೋವೈ, ಕ್ಯಾಂಟನ್, ಫಾರ್ಮಿಂಗ್‌ಟನ್ ಹಿಲ್ಸ್ ಕಡೆ ಬಿದ್ದ ಮಳೆನೀರಿನ ಬಹುಪಾಲು ಸೇರುವುದು ರೂಜ್ ನದಿಗೆ. 1969ರ ಅಕ್ಟೋಬರಿನಲ್ಲಿ ಎಣ್ಣೆ ತೇಲುತ್ತಿದ್ದ ಇದೇ ರೂಜ್ ನದಿಗೆ ಬೆಂಕಿ ಹತ್ತಿತ್ತು. ಅದೇ ನದಿಗೆ ಸೇರುವ ಜಾನ್ಸನ್ ಕ್ರೀಕ್ ಎಂಬ ತೊರೆ ನಾರ್ತ್‌ವಿಲ್ ಹತ್ತಿರ ಹರಿಯುತ್ತದೆ. ಅಲ್ಲಿ ಇವತ್ತಿಗೂ ಬ್ರೌನ್ ಟ್ರೌಟ್ ಬದುಕುವಷ್ಟು ನೀರು ತಣ್ಣಗಿದೆ. ರಸ್ತೆಯಂಚಿನ ಮೋರಿಗೆ ಇಳಿದ ಮಳೆನೀರನ್ನು ಸಾಮಾನ್ಯವಾಗಿ ಯಾರೂ ಶುದ್ಧ ಮಾಡುವುದಿಲ್ಲ, ಅದು ನೇರ ತೊರೆಗೆ ಹೋಗುತ್ತದೆ. ಮನೆ ಮುಂದೆ ಕಾರು ತೊಳೆದ ಸೋಪಿನ ನೊರೆ, ಹುಲ್ಲಿಗೆ ಹಾಕಿದ ಗೊಬ್ಬರ, ಚಳಿಗಾಲದಲ್ಲಿ ಡ್ರೈವ್‌ವೇಗೆ ಚೆಲ್ಲಿದ ಉಪ್ಪು ಎಲ್ಲಕ್ಕೂ ಅದೇ ದಾರಿ. ಉಪ್ಪು ಚೆಲ್ಲುವ ಮೊದಲು ಹಿಮವನ್ನು ಚೆನ್ನಾಗಿ ಬಾಚಿ ತೆಗೆದರೆ ಒಂದು ಲೋಟ ಉಪ್ಪು ಬಹಳ ದೂರಕ್ಕೆ ಸಾಕಾಗುತ್ತದೆ. ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯಿರಿ, ಇಲ್ಲವೇ ಕಾರ್ ವಾಶ್‌ಗೆ ಒಯ್ಯಿರಿ.

ಹೊಳೆಗೇ ಇಳಿಯಬೇಕೆನ್ನುವವರು ವರ್ಷಕ್ಕೆ ಎರಡು ವಾರಾಂತ್ಯ, ಫೆಬ್ರವರಿಯಲ್ಲೊಮ್ಮೆ, ಜೂನ್‌ನಲ್ಲೊಮ್ಮೆ, ಮಿಷಿಗನ್‌ನಲ್ಲಿ ಲೈಸೆನ್ಸ್ ಇಲ್ಲದೆಯೇ ಮೀನು ಹಿಡಿಯಬಹುದು. ಉಳಿದ ನಿಯಮಗಳೆಲ್ಲ ಆ ದಿನವೂ ಅನ್ವಯ. 17 ವರ್ಷದೊಳಗಿನ ಮಕ್ಕಳಿಗೆ ಯಾವತ್ತೂ ಲೈಸೆನ್ಸ್ ಬೇಡ. ಹಿಂಮುಳ್ಳು ಒತ್ತಿದ ಕೊಕ್ಕೆ ತೆಗೆದುಕೊಂಡು ಹೋಗಿ. ಒಣಗಿದ ಕಾಲುಚೀಲ, ಚಿತ್ರಾನ್ನದ ಡಬ್ಬಿ, ಬೂಟು ಉಜ್ಜಲು ಒಂದು ಗಟ್ಟಿ ಬ್ರಷ್ ಕಾರಿನಲ್ಲಿ ಇಟ್ಟುಕೊಳ್ಳಿ.

ನಮಸ್ಕಾರ.