ಐಟಿಐ ಓದಿದವರಿಗೆ ಜರ್ಮನಿ: ಯಾವ ವೀಸಾ ಯಾರಿಗೆ?

ಪರದೆ: ಎರಡು ಐಟಿಐ ಸರ್ಟಿಫಿಕೇಟ್, ಪಕ್ಕಪಕ್ಕ. ಒಂದು ಫಿಟ್ಟರ್, ಇನ್ನೊಂದು ವೆಲ್ಡರ್.

ನಿರೂಪಣೆ: ಇಲ್ಲಿ ಮೊದಲು ನೋಡಬೇಕಾದ್ದು ಅಂಕ ಅಲ್ಲ, ಕೋರ್ಸ್ ಎಷ್ಟು ವರ್ಷದ್ದು ಅನ್ನೋದು. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್ ಎರಡು ವರ್ಷ. ವೆಲ್ಡರ್, ಪ್ಲಂಬರ್ ಒಂದೇ ವರ್ಷ. ಪೀಣ್ಯದಲ್ಲಿ ಕೆಲಸ ಕೇಳುವಾಗ ಈ ವ್ಯತ್ಯಾಸ ದೊಡ್ಡದಲ್ಲ. ಜರ್ಮನಿಗೆ ಮಾತ್ರ ಅದೇ ದೊಡ್ಡದು. ನಾವು ಈಗ ಹೇಳುವ ವೀಸಾಗಳಲ್ಲಿ ಹೆಚ್ಚಿನವು ಕೇಳೋದು ಕನಿಷ್ಠ ಎರಡು ವರ್ಷದ, ಸರ್ಕಾರದ ಮಾನ್ಯತೆ ಇರುವ ವೃತ್ತಿ ಶಿಕ್ಷಣವನ್ನ.

ಮೊದಲನೆಯದು, ಪೂರ್ಣ ಮಾನ್ಯತೆ ಪಡೆದು ಹೋಗುವ ಕುಶಲಕರ್ಮಿ ವೀಸಾ. ನಿಮ್ಮ ಓದು ಅಲ್ಲಿನ ತರಬೇತಿಗೆ ಸಮ ಅಂತ ಜರ್ಮನಿಯವರು ಹೋಲಿಸಿ ಒಪ್ಪೋದೇ ಈ ಮಾನ್ಯತೆ, ಅಲ್ಲಿ ಅದಕ್ಕೆ 'ಅನೆರ್‌ಕೆನುಂಗ್' ಅಂತಾರೆ. ಕಾರ್ಖಾನೆ ಟ್ರೇಡ್‌ಗಳ ಅರ್ಜಿ ನ್ಯೂರೆಂಬರ್ಗ್‌ನ ಐಎಚ್‌ಕೆ ಫೋಸಾ ಅನ್ನೋ ಮಾನ್ಯತಾ ಕಚೇರಿಗೆ ಹೋಗುತ್ತೆ, ಕರಕುಶಲ ಟ್ರೇಡ್‌ಗಳದ್ದು ಜರ್ಮನಿಯ ಆಯಾ ಊರಿನ ಕರಕುಶಲ ಚೇಂಬರಿಗೆ, ಅಂದರೆ ಆ ವೃತ್ತಿಯವರ ಅಧಿಕೃತ ಸಂಸ್ಥೆಗೆ. ಎಲೆಕ್ಟ್ರಿಷಿಯನ್‌ಗಳು ಎಡವೋದು ಇಲ್ಲೇ. ಮನೆ, ಕಟ್ಟಡದ ವೈರಿಂಗ್ ಮಾಡಿದವರು ಕರಕುಶಲ ಚೇಂಬರಿಗೆ. ಕಾರ್ಖಾನೆಯಲ್ಲಿ ಪ್ಯಾನೆಲ್, ಮೋಟರ್, ಮೇಂಟೆನೆನ್ಸ್ ನೋಡಿಕೊಂಡವರು ಫೋಸಾಗೆ. ನಿಮ್ಮ ಕೆಲಸಕ್ಕೆ ಹೊಂದದ ಜರ್ಮನ್ ವೃತ್ತಿ ಬರೆದರೆ ಹೋಲಿಕೆಯಲ್ಲಿ ಕೊರತೆ ಜಾಸ್ತಿ ಕಾಣುತ್ತೆ. ಶುಲ್ಕ ಸಾಮಾನ್ಯವಾಗಿ 100ರಿಂದ 600 ಯೂರೊ.

ಅಲ್ಲಿ ಇಂಥ ತರಬೇತಿ ಮೂರೂವರೆ ವರ್ಷ, ನಮ್ಮದು ಎರಡು. ಆ ಅಂತರ ತುಂಬೋದು ಅನುಭವ ಪತ್ರ. "ಇವರು ನಮ್ಮಲ್ಲಿ ಮೂರು ವರ್ಷ ಕೆಲಸ ಮಾಡಿದ್ದಾರೆ, ನಡತೆ ಚೆನ್ನಾಗಿದೆ" ಅನ್ನೋ ಎರಡು ಸಾಲಿಂದ ಏನೂ ಆಗಲ್ಲ. ಯಾವ ಯಂತ್ರ, ಯಾವ ಅಳತೆ ಉಪಕರಣ, ಡ್ರಾಯಿಂಗ್ ಓದಿ ಮಾಡಿದ್ದಾ, ಹೈಡ್ರಾಲಿಕ್ ರಿಪೇರಿ ಮಾಡಿದ್ದಾರಾ, ಯಾವ ತಿಂಗಳಿಂದ ಯಾವ ತಿಂಗಳವರೆಗೆ: ಇಷ್ಟೂ ಕಂಪನಿಯ ಲೆಟರ್‌ಹೆಡ್ ಮೇಲೆ ಇರಬೇಕು. ಕೆಲಸ ಬಿಡುವ ದಿನವೇ ಬರೆಸಿಕೊಳ್ಳಿ. ಎರಡು ವರ್ಷ ಬಿಟ್ಟು ಹೋದರೆ ಆ ಸೂಪರ್‌ವೈಸರ್ ಅಲ್ಲಿರೋದೇ ಇಲ್ಲ.

ಪರದೆ: ಪೂರ್ಣ ಮಾನ್ಯತೆ / ಭಾಗಶಃ ಮಾನ್ಯತೆ / ತಿರಸ್ಕಾರ

ಭಾಗಶಃ ಅಂತ ಬಂದರೆ ಗಾಬರಿ ಬೇಡ, ಕೊರತೆ ಇರುವ ವಿಷಯಗಳನ್ನ ಅಲ್ಲೇ ಹೋಗಿ ಕಲಿಯೋಕೆ ಬೇರೆ ವೀಸಾ ಇದೆ.

ಎರಡನೆಯದು ಮಾನ್ಯತಾ ಪಾಲುದಾರಿಕೆ, 2024ರ ಮಾರ್ಚ್‌ನಿಂದ ಬಂದದ್ದು. ನಮ್ಮ ಪ್ರಕಾರ ಎರಡು ವರ್ಷದ ಐಟಿಐ ಮಾಡಿದ ಹೆಚ್ಚಿನವರಿಗೆ ಒಗ್ಗೋದು ಇದೇ. ಮಾನ್ಯತೆಗಾಗಿ ಇಲ್ಲೇ ಕಾಯಬೇಕಿಲ್ಲ. ಕೆಲಸದ ಒಪ್ಪಂದದ ಮೇಲೆ ಹೋಗಿ, ದುಡಿಯುತ್ತಲೇ ಪಡೆಯಬಹುದು. ಜರ್ಮನ್ ಭಾಷೆ ಎ2 ಬೇಕು, ಅಂದರೆ ಆರು ಮಟ್ಟಗಳಲ್ಲಿ ಎರಡನೆಯದು. ಐಟಿಐಗೆ ಭಾರತದಲ್ಲಿ ಸರ್ಕಾರಿ ಮಾನ್ಯತೆ ಇದೆ ಅನ್ನೋ ದೃಢೀಕರಣವನ್ನ ಬಾನ್ ನಗರದ ಝಡ್‌ಎಬಿ, ಅಂದರೆ ವಿದೇಶಿ ಓದನ್ನ ಪರಿಶೀಲಿಸುವ ಸರ್ಕಾರಿ ಕಚೇರಿಯಿಂದ ತರಬೇಕು. ಮೊದಲು ಒಂದು ವರ್ಷ, ವಿಸ್ತರಿಸಿದರೆ ಒಟ್ಟು ಮೂರು.

ಮೂರನೆಯದು ಅನುಭವದ ದಾರಿ. ಕಳೆದ ಐದು ವರ್ಷದಲ್ಲಿ ಎರಡು ವರ್ಷ ಅನುಭವ ಸಾಕು, ಜರ್ಮನಿಯ ಮಾನ್ಯತೆ ಬೇಡ. ಆದರೆ ಸಂಬಳಕ್ಕೆ ಕನಿಷ್ಠ ಮಿತಿ ಇದೆ, 2025ರಲ್ಲಿ ಅದು ವರ್ಷಕ್ಕೆ 43,470 ಯೂರೊ ಇತ್ತು, ಕಾರ್ಮಿಕ ಸಂಘದ ವೇತನ ಒಪ್ಪಂದಕ್ಕೆ ಒಳಪಟ್ಟ ಕಂಪನಿಗೆ ಮಾತ್ರ ವಿನಾಯಿತಿ. ಈ ಮೊತ್ತ ಪ್ರತಿ ಜನವರಿ ಬದಲಾಗುತ್ತೆ. ಹೊಸದಾಗಿ ಬರುವ ಫಿಟ್ಟರ್‌ಗೆ ಇಷ್ಟು ಕೊಡುವ ಆಫರ್ ಸುಲಭಕ್ಕೆ ಸಿಗಲ್ಲ.

ನಾಲ್ಕನೆಯದು ಚಾನ್ಸೆನ್‌ಕಾರ್ಟೆ. ಕೆಲಸವಿಲ್ಲದೆ ಹೋಗಿ ಅಲ್ಲಿ ಹುಡುಕೋಕೆ ಒಂದು ವರ್ಷ. ಆರು ಪಾಯಿಂಟ್ ಬೇಕು: 35 ದಾಟದ ವಯಸ್ಸಿಗೆ 2, ಏಳು ವರ್ಷದಲ್ಲಿ ಐದು ವರ್ಷ ಅನುಭವಕ್ಕೆ 3, ಜರ್ಮನ್ ಎ2ಗೆ 1, ಅಲ್ಲಿಗೆ ಆರು. ಜಾಹೀರಾತು ಇಷ್ಟೇ ಹೇಳುತ್ತೆ. ಬ್ಲಾಕ್ಡ್ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಹಣ ತೋರಿಸಬೇಕು (2025ರಲ್ಲಿ ತಿಂಗಳಿಗೆ 1,091ರಂತೆ 13,092 ಯೂರೊ ಇತ್ತು), ವಾರಕ್ಕೆ 20 ಗಂಟೆ ಮಾತ್ರ ಪಾರ್ಟ್‌ಟೈಮ್ ಕೆಲಸ ಅನ್ನೋದನ್ನ ಹೇಳಲ್ಲ. ಸಾಲ ಮಾಡಿ ಹೋಗೋಕೆ ಇದಲ್ಲ.

ಹಾಗಾದರೆ ಒಂದೇ ವರ್ಷ ಓದಿದ ವೆಲ್ಡರ್? ಐಎಸ್‌ಒ 9606 ಅನ್ನೋ ಅಂತರರಾಷ್ಟ್ರೀಯ ವೆಲ್ಡಿಂಗ್ ಪರೀಕ್ಷೆ ಪಾಸಾಗಿದ್ದರೂ ಅದು ಕೈಚಳಕದ ಪುರಾವೆ, ಎರಡು ವರ್ಷದ ಓದಿಗೆ ಸಮ ಅಲ್ಲ. ಎ2ಗಿಂತ ಒಂದು ಮಟ್ಟ ಮೇಲಿನ ಬಿ1 ಜರ್ಮನ್ ಕಲಿತು, ಅಲ್ಲೇ ಲೋಹ ಕೆಲಸದ ಔಸ್‌ಬಿಲ್ಡುಂಗ್‌ಗೆ, ಅಂದರೆ ಕಂಪನಿಯಲ್ಲಿ ದುಡಿಯುತ್ತಾ ಕಲಿಯುವ ವೃತ್ತಿ ತರಬೇತಿಗೆ ಸೇರುವ ತರಬೇತಿ ವೀಸಾ ಒಂದು ದಾರಿ.

ಆಫರ್ ಕೈಲಿದ್ದರೆ ವೀಸಾ ಬೇಗ ಸಿಗುವ ತ್ವರಿತ ಪ್ರಕ್ರಿಯೆಗೆ ಕಂಪನಿಯನ್ನೇ ಕೇಳಿ. ಶುಲ್ಕ 411 ಯೂರೊ, ಅರ್ಜಿ ಹಾಕೋದು ಅವರು. ಇಲ್ಲಿನ ಏಜೆಂಟ್ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಆತ ಕೇಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. "ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಿ" ಅಂದರೆ ಎದ್ದು ಬನ್ನಿ. ಹಾಗೆ ಹೋದವರು ಸಾಮಾನ್ಯವಾಗಿ ವಾಪಸ್ ಬಂದು ಹೊಸದಾಗಿ ಅರ್ಜಿ ಹಾಕಬೇಕು.

ಇನ್ನೊಂದು, ನಮ್ಮವರಿಗೇ ಅಂಟಿದ ತಾಪತ್ರಯ: ಇನಿಷಿಯಲ್. ಮಾರ್ಕ್ಸ್ ಕಾರ್ಡಲ್ಲಿ 'ಕೆ', ಪಾಸ್‌ಪೋರ್ಟಲ್ಲಿ ಅಪ್ಪನ ಪೂರ್ತಿ ಹೆಸರು, ಅನುಭವ ಪತ್ರದಲ್ಲಿ ಎರಡೂ ಇಲ್ಲ. ಜರ್ಮನ್ ಅನುವಾದಕ್ಕೆ ದುಡ್ಡು ಕೊಡೋ ಮುಂಚೆ ಇದನ್ನ ಸರಿಮಾಡಿಸಿ. ಆಮೇಲೆ ತಿದ್ದಿದರೆ ಅನುವಾದಕ್ಕೂ ಎರಡನೇ ಸಲ ತೆರಬೇಕು.