ಮಿಲಿಸ್: ಜರ್ಮನರು ಹೆರದ ಕೂಸು

ನಮಸ್ಕಾರ. ಎರಡನೇ ಮಹಾಯುದ್ಧದ ಫ್ರಾನ್ಸ್ ಎಂದರೆ ಸಾಕು, ನಡೆದ ಪಾಪವನ್ನೆಲ್ಲ ಜರ್ಮನರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರಿದ್ದಾರೆ. ಅಂಥವರು ‘ಮಿಲಿಸ್’ ಎಂಬ ರಾಜಕೀಯ ಪೊಲೀಸ್ ಪಡೆಯ ಜಾತಕವನ್ನೊಮ್ಮೆ ಬಿಡಿಸಿ ನೋಡಬೇಕು. ಫ್ರೆಂಚರನ್ನೇ ಬೇಟೆಯಾಡಿದ ಈ ಪಡೆ 1943ರ ಜನವರಿ 30ರಂದು ಹುಟ್ಟಿತು. ಹುಟ್ಟಿಸಿದ್ದು ಫ್ರೆಂಚ್ ಸರ್ಕಾರದ್ದೇ ಕಾಯ್ದೆ.

1940ರ ಸೋಲಿನ ನಂತರ ಫ್ರಾನ್ಸ್ ಇಬ್ಭಾಗವಾಯಿತು. ಉತ್ತರ ಭಾಗವೂ ಅಟ್ಲಾಂಟಿಕ್ ಕರಾವಳಿಯೂ ಜರ್ಮನ್ ಸೈನ್ಯದ ಕೈಗೆ ಹೋದವು. ದಕ್ಷಿಣದಲ್ಲಿ ಮಾರ್ಷಲ್ ಪೆತಾನ್ ವಿಶಿ ಪಟ್ಟಣದಲ್ಲಿ ಕುಳಿತು ಆಳತೊಡಗಿದ. ಆ ಆಗಸ್ಟ್‌ನಲ್ಲೇ ಮಾಜಿ ಸೈನಿಕರ ಸಂಘಗಳನ್ನೆಲ್ಲ ಸೇರಿಸಿ ‘ಲೀಜನ್’ ಎಂಬ ಒಂದೇ ಸಂಘಟನೆ ಮಾಡಿದ. ಪದಕ ಧರಿಸಿ ಮೆರವಣಿಗೆ ಹೊರಡುವ ಈ ಹಿರಿಯರ ಕೂಟ ನೀಸ್ ನಗರದ ಜೋಸೆಫ್ ದಾರ್ನಾನ್‌ಗೆ ತೀರ ಸಪ್ಪೆ ಎನಿಸಿತು. ಈತ ಸಾಮಾನ್ಯನಲ್ಲ, 1918ರಲ್ಲಿ ಜರ್ಮನರ ಕಂದಕಕ್ಕೆ ನುಗ್ಗಿ ಹೆಸರು ಮಾಡಿದ್ದ ವೀರ. ಲೀಜನ್ನಿನೊಳಗಿನ ಬಿಸಿರಕ್ತದವರನ್ನು ಆರಿಸಿ ಬೇರೊಂದು ದಳ ಕಟ್ಟಿದ. 1942ರ ಆರಂಭದಲ್ಲಿ ವಿಶಿ ಅದಕ್ಕೆ ಮಾನ್ಯತೆ ಕೊಟ್ಟಿತು. ದಳದ 21 ಸೂತ್ರಗಳಲ್ಲಿ ‘ಯಹೂದಿ ಕುಷ್ಠದ ವಿರುದ್ಧ, ಫ್ರೆಂಚ್ ಶುದ್ಧತೆಗಾಗಿ’ ಎಂಬುದೂ ಒಂದು. ಗಮನಿಸಿ, ಆಗ ದಕ್ಷಿಣಕ್ಕೆ ಜರ್ಮನ್ ಸೈನ್ಯ ಇನ್ನೂ ಕಾಲಿಟ್ಟೇ ಇರಲಿಲ್ಲ.

ಅದು ಬಂದದ್ದು 1942ರ ನವೆಂಬರ್‌ನಲ್ಲಿ. ವಿಶಿಗೆ ಉಳಿದಿದ್ದ ಪುಟ್ಟ ಸೈನ್ಯವೂ ವಿಸರ್ಜನೆಯಾಯಿತು. ಪ್ರಧಾನಿ ಲವಾಲ್‌ಗೆ ತನ್ನದೇ ಒಂದು ಪಡೆ ಬೇಕಿತ್ತು. ದಾರ್ನಾನ್‌ನ ದಳ ಮಿಲಿಸ್ ಆಯಿತು. ಲವಾಲ್ ಅಧ್ಯಕ್ಷ, ದಾರ್ನಾನ್ ಪ್ರಧಾನ ಕಾರ್ಯದರ್ಶಿ. ನೀಲಿ ಸಮವಸ್ತ್ರ, ಬೆರೆ ಟೋಪಿ, ಗ್ರೀಕ್ ಗಾಮಾ ಅಕ್ಷರದ ಬಿಲ್ಲೆ ಎಲ್ಲವೂ ಇದ್ದವು. ಇರದಿದ್ದುದು ಬಂದೂಕು. ಜರ್ಮನರು ಈ ಫ್ರೆಂಚರನ್ನು ನಂಬಿ ಆಯುಧ ಕೊಡಲಿಲ್ಲ. ಇತ್ತ ಪ್ರತಿರೋಧ ಹೋರಾಟಗಾರರು ಮಿಲಿಸ್‌ನವರನ್ನು ಗುಂಡಿಟ್ಟು ಉರುಳಿಸತೊಡಗಿದ್ದರು. ಕೊನೆಗೆ 1943ರ ಆಗಸ್ಟ್‌ನಲ್ಲಿ ಆ ಹಳೆಯ ವೀರ ನಾಜಿಗಳ ಸಶಸ್ತ್ರ ಪಡೆಯಾದ ಎಸ್‌ಎಸ್‌ನ ಅಧಿಕಾರಿಯಾಗಿ ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಿದ. ಆಮೇಲೆ ಬಂದೂಕು ಬಂತು. ಅಂದರೆ ದ್ವೇಷ ಸ್ವದೇಶಿ, ಗುಂಡು ಮಾತ್ರ ಆಮದು!

1944ರ ಜನವರಿಯಲ್ಲಿ ದೇಶದ ಪೊಲೀಸ್ ವ್ಯವಸ್ಥೆಯೇ ದಾರ್ನಾನ್‌ನ ಕೈಗೆ ಬಂತು. ಆ ತಿಂಗಳೇ ಹೊಸ ನ್ಯಾಯಪೀಠಗಳೂ ಬಂದವು. ಮೂವರು ನ್ಯಾಯಾಧೀಶರು, ವಕೀಲನಿಲ್ಲ, ಮೇಲ್ಮನವಿಯಿಲ್ಲ, ತೀರ್ಪಾದೊಡನೆ ಗುಂಡು. ಮಾನವ ಹಕ್ಕುಗಳ ಸಂಘದ ಅಧ್ಯಕ್ಷರಾಗಿದ್ದ 80 ವರ್ಷದ ವಿಕ್ಟರ್ ಬಾಷ್ ಅವರಿಗೆ ಆ ನಾಟಕವೂ ದಕ್ಕಲಿಲ್ಲ. ಮಿಲಿಸ್‌ನವರು ಅವರನ್ನೂ ಅವರ ಪತ್ನಿಯನ್ನೂ ಲಿಯೊನ್ ಬಳಿ ಗುಂಡಿಟ್ಟು ಕೊಂದು, ‘ಯಹೂದಿ ಯಾವಾಗಲೂ ಬೆಲೆ ತೆರುತ್ತಾನೆ’ ಎಂದು ಬರೆದ ಚೀಟಿಯನ್ನು ಶವದ ಮೇಲೆ ಬಿಟ್ಟುಹೋದರು.

ಪೆತಾನ್‌ಗೆ ಇದರ ಬಗ್ಗೆ ಆತ್ಮಸಾಕ್ಷಿ ಚುಚ್ಚಿದ್ದು 1944ರ ಆಗಸ್ಟ್ 6ರಂದು, ಮಿತ್ರಪಡೆಗಳು ನಾರ್ಮಂಡಿಗೆ ಬಂದಿಳಿದು ಎರಡು ತಿಂಗಳಾದ ಮೇಲೆ. ಮಿಲಿಸ್‌ನ ದೌರ್ಜನ್ಯಗಳನ್ನು ಖಂಡಿಸಿ ಲವಾಲ್‌ಗೆ ಪತ್ರ ಬರೆದ. ದಾರ್ನಾನ್ ಕೊಟ್ಟ ಉತ್ತರದ ಸಾರ ಇಷ್ಟು: ನಾಲ್ಕು ವರ್ಷ ಬೆನ್ನು ತಟ್ಟಿದಿರಿ, ಅಮೆರಿಕನ್ನರು ಪ್ಯಾರಿಸ್ ಬಾಗಿಲಿಗೆ ಬಂದಾಗ ನಾನು ಫ್ರಾನ್ಸಿನ ಇತಿಹಾಸಕ್ಕೆ ಕಳಂಕ ಎನ್ನುತ್ತಿದ್ದೀರಿ, ಇದನ್ನು ಮೊದಲೇ ಹೇಳಬಹುದಿತ್ತು.

ಈ ಒಂದು ವಿಷಯದಲ್ಲಿ ನಾನು ಆ ಕೊಲೆಗಡುಕನ ಮಾತನ್ನು ಒಪ್ಪುತ್ತೇನೆ. 1945ರ ಅಕ್ಟೋಬರ್‌ನಲ್ಲಿ ಮರಣದಂಡನೆಯಂತೆ ಅವನನ್ನು ಗುಂಡಿಟ್ಟು ಕೊಂದರು. ಪೆತಾನ್‌ನ ಮರಣದಂಡನೆ ಮಾತ್ರ ಜೀವಾವಧಿಗೆ ಇಳಿಯಿತು.